ಮಳಿಗೆ ಕಟ್ಟುವ ಜಾಗ

ಹುಬ್ಬಳ್ಳಿಯನ್ನು ಬಿಟ್ಟು ಹಾವೇರಿಯ ದಿಕ್ಕಿಗೆ ಹೊರಟ ಬಸ್ಸು ಶಿಗ್ಗಾಂವದಲ್ಲಿ ನಿಂತಾಗ, ತೂಕಡಿಸುತ್ತಿದ್ದ ಪ್ರಯಾಣಿಕರು ಒಮ್ಮೆ ಕಣ್ಣು ತೆರೆದು ನೋಡುವುದುಂಟು. ಶಿಶುನಾಳದ ಷರೀಫಸಾಹೇಬರು ಬಾಳಿದ ತಾಲೂಕು ಇದು. ಕನಕದಾಸರ ಜನ್ಮಸ್ಥಳವಾದ ಬಾಡವೂ ಇಲ್ಲಿಯದೇ. ಹೆದ್ದಾರಿಯನ್ನು ಅಲ್ಲಿಯೇ ತೊರೆದು ಪೂರ್ವಕ್ಕೆ ಹೊರಳಿದವರಿಗೆ ಸ್ವಲ್ಪ ಹೊತ್ತಿನಲ್ಲಿ ಸವಣೂರು ಸಿಗುತ್ತದೆ. ನವಾಬರು ಆಳಿದ ಊರು. ಸತ್ಯಬೋಧತೀರ್ಥರ ವೃಂದಾವನವಿರುವ ಊರು. ೧೯೦೯ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಊರು. ಇವಾವುವನ್ನೂ ಅರಿಯದವರು ಕೂಡ ಸವಣೂರಿನ ವೀಳ್ಯದೆಲೆಯನ್ನು ಮೆದ್ದಿರುತ್ತಾರೆ. ಇಲ್ಲವೆ ಸವಣೂರಿನ ಖಾರಾ ಪೊಟ್ಟಣವನ್ನು ಮಕ್ಕಳಿಗಾಗಿ ಕಟ್ಟಿಸಿಕೊಂಡು ಹೋಗಿರುತ್ತಾರೆ.

ಆದರೆ ಇಂದು ಇಂಥ ಊರುಗಳಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಅರಮನೆಯೂ ಅಲ್ಲ, ಮಠವೂ ಅಲ್ಲ, ಮಳಿಗೆಗಳ ಸಾಲು. ಸವಣೂರೇ ಆಗಬೇಕೆಂದಿಲ್ಲ. ಹಾನಗಲ್ಲಿಗೆ ಹೋಗಲಿ, ಹಿರೇಕೆರೂರಿಗೆ ಹೋಗಲಿ, ಪೇಟೆಯ ನಟ್ಟನಡುವೆ ಒಂದೋ ಎರಡೋ ಅಂತಸ್ತಿನ ಕಟ್ಟಡ, ಅದಕ್ಕೆ ಉದ್ದಕ್ಕೂ ಕಬ್ಬಿಣದ ಶಟರುಗಳು, ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಅಂಕಿ. ಒಂದರಲ್ಲಿ ಅರಿವೆ ಅಂಗಡಿ, ಮತ್ತೊಂದರಲ್ಲಿ ಔಷಧದ ಅಂಗಡಿ, ಮೂರನೆಯದು ಹರಾಜಿನಲ್ಲಿ ಯಾರೂ ಹಿಡಿಯದೆ ಬೀಗ ತುಕ್ಕು ಹಿಡಿದು ನಿಂತದ್ದು.

ಪುರಸಭೆಗಳು ಮಳಿಗೆ ಕಟ್ಟುವುದಕ್ಕೆ ಕಾರಣವಿಲ್ಲದಿಲ್ಲ. ಸಣ್ಣ ಊರಿನ ಪುರಸಭೆಗೆ ತನ್ನದೆಂಬ ಹುಟ್ಟುವಳಿ ಬಹಳ ಕಡಿಮೆ. ಮನೆಪಟ್ಟಿಯನ್ನು ಹೆಚ್ಚಿಸಿದರೆ ಮುಂದಿನ ಚುನಾವಣೆಯಲ್ಲಿ ಓಟು ಕಡಿಮೆಯಾಗುತ್ತದೆ. ನೀರಿನ ಕರವನ್ನು ವಸೂಲು ಮಾಡಹೋದರೆ ನಳದಲ್ಲಿ ನೀರು ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಉಳಿದುದಕ್ಕೆಲ್ಲ ಬೆಂಗಳೂರಿನ ಅನುದಾನದ ದಾರಿ ಕಾಯಬೇಕು. ಮಳಿಗೆ ಹಾಗಲ್ಲ. ಒಮ್ಮೆ ಕಟ್ಟಿದರೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ, ಹರಾಜಿನ ದಿನ ಠೇವಣಿಯೂ ಬರುತ್ತದೆ. ೧೯೭೯-೮೦ರಲ್ಲಿ ಕೇಂದ್ರ ಸರಕಾರವು ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿಯ ಯೋಜನೆಯನ್ನು ಆರಂಭಿಸಿದಾಗ, ರಸ್ತೆ, ಬಸ್ ನಿಲ್ದಾಣಗಳ ಜೊತೆಗೆ ಮಾರುಕಟ್ಟೆಯ ಕಟ್ಟಡಗಳಿಗೂ ಹಣ ದೊರೆಯುವಂತಾಯಿತು. ಸಾಲವನ್ನು ತೀರಿಸಲು ಉತ್ಪನ್ನವಿರುವ ಕಟ್ಟಡ ಬೇಕಲ್ಲವೆ? ಹೀಗೆ ಒಂದು ಪೀಳಿಗೆಯ ಕಾಲ ನಮ್ಮ ಊರುಗಳು ಅಭಿವೃದ್ಧಿಯೆಂದರೆ ಶಟರು ಎಂದೇ ತಿಳಿದುಕೊಂಡವು. ಇದರಲ್ಲಿ ದುರುದ್ದೇಶವನ್ನು ಹುಡುಕುವುದು ನ್ಯಾಯವಾಗದು. ಹೆಂಗಸರು ಮಕ್ಕಳು ಕೆಸರು ತುಳಿಯದೆ ಸಂತೆಸಾಮಾನು ಕೊಳ್ಳುವಂತಾದರೆ ಯಾರಿಗೆ ಬೇಡ?

ತೊಡಕು ಇರುವುದು ಜಾಗದಲ್ಲಿ. ಮಳಿಗೆ ಊರ ಹೊರಗೆ ಕಟ್ಟುವಂಥದಲ್ಲ. ಗಿರಾಕಿ ಓಡಾಡುವ ಕಡೆಯೇ ಬೇಕು. ಪೇಟೆಯ ನಡುವೆ ಬರಿಯ ಜಾಗ ಎಲ್ಲಿಂದ ಬರಬೇಕು? ಕಚೇರಿಯ ನಕಾಶೆಯಲ್ಲಿ ಬರಿದಾಗಿ ಕಾಣುವ ಜಾಗಕ್ಕೆ ನಿಜವಾಗಿ ಹೋಗಿ ನೋಡಿದರೆ ಅಲ್ಲಿ ಒಲೆಯ ಹೊಗೆ ಏಳುತ್ತಿರುತ್ತದೆ.

ಸವಣೂರಿನಲ್ಲಿ ಆದುದು ಅದೇ. ಅಲ್ಲಿ ಭಂಗಿ ಎಂಬ ಸಮುದಾಯದ ಕೆಲವು ಕುಟುಂಬಗಳು ಎಪ್ಪತ್ತು ವರ್ಷಗಳಿಂದ ವಾಸವಾಗಿದ್ದವು. ಅವರ ಕಸುಬು ಊರಿನ ಮಲವನ್ನು ಬಳಿಯುವುದು. ತಮ್ಮನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟಲು ಪುರಸಭೆ ಹೊರಟಿದೆ, ನೀರಿನ ಸೌಕರ್ಯವನ್ನೂ ಕಡಿದಿದೆ ಎಂಬುದು ಅವರ ದೂರಾಗಿತ್ತು. ೨೦೧೦ನೆಯ ಜುಲೈ ೨೦ರಂದು ಅವರಲ್ಲಿ ಕೆಲವರು ಪುರಸಭೆಯ ಕಚೇರಿಯ ಎದುರಿಗೆ ಬಂದರು. ಈ ಪುಟಗಳನ್ನು ಊಟ ಮುಗಿಸಿ ಎಲೆಯಡಿಕೆಯ ಹೊತ್ತಿಗೆ ತೆರೆಯುವ ಮನೆಗಳುಂಟು. ಆದರೂ ನಡೆದುದನ್ನು ಹೇಳದೆ ಗತ್ಯಂತರವಿಲ್ಲ. ಅವರು ತಾವು ದಿನವೂ ಹೊರುತ್ತಿದ್ದ ಮಲವನ್ನು ಹಾಡುಹಗಲಿನಲ್ಲಿ, ಎಲ್ಲರೂ ನೋಡುತ್ತಿರಲು, ತಮ್ಮ ತಲೆಯ ಮೇಲೆ ತಾವೇ ಸುರಿದುಕೊಂಡರು.

ಮರುದಿನ ಆ ಚಿತ್ರವನ್ನು ಪತ್ರಿಕೆಯಲ್ಲಿ ಕಂಡವರು ಪುಟವನ್ನು ಮಡಿಚಿಟ್ಟಿರಬೇಕು. ಮಡಿಚಿಡುವುದು ಸಹಜವೇ. ಆದರೆ ಆ ಜನ ಅಂದು ಮಾಡಿದುದರಲ್ಲಿ ಹೊಸದೇನಿತ್ತೆಂಬುದನ್ನು ವಿಚಾರಿಸಬೇಕು. ಮಲ ಹೊಸದಲ್ಲ, ಅದು ಅವರ ಮೈಗೆ ತಾಗುವುದೂ ಹೊಸದಲ್ಲ. ನಸುಕಿನಲ್ಲಿ, ಹಿತ್ತಲಿನ ಕಡೆಯಿಂದ, ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತಿದ್ದುದು ಅಂದು ಮುಂಬಾಗಿಲಿಗೆ ಬಂದಿತು, ವ್ಯತ್ಯಾಸ ಅಷ್ಟೇ. ಮನವಿಪತ್ರ ಬರೆದು ಕೊಡುವುದು, ಸಭೆಯಲ್ಲಿ ಎದ್ದು ನಿಂತು ಮಾತನಾಡುವುದು, ವಕೀಲರನ್ನು ಹಿಡಿಯುವುದು, ಇವೆಲ್ಲ ಊರಿನ ಚರ್ಚೆಯಲ್ಲಿ ಪಾಲ್ಗೊಳ್ಳುವ ರೀತಿಗಳು. ಅವು ಕೈಗೂಡದವರು ತಮ್ಮ ಕೈಯಲ್ಲಿ ಏನಿತ್ತೋ ಅದರಿಂದ ಮಾತನಾಡಿದರು.

ಕಾನೂನಿನ ಕಣ್ಣಿನಲ್ಲಿ ಆ ಕಸುಬು ಅಂದಿಗೆ ಇರಲೇಬಾರದಾಗಿತ್ತು. ೧೯೭೦ರ ದಶಕದ ಆರಂಭದಲ್ಲಿಯೇ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. ಪೌರಕಾರ್ಮಿಕರ ಬಾಳನ್ನು ಕುರಿತು ಐ.ಪಿ.ಡಿ. ಸಾಲಪ್ಪನವರ ಸಮಿತಿ ೧೯೭೬ರಲ್ಲಿ ವರದಿಯನ್ನು ಒಪ್ಪಿಸಿತ್ತು. ಸಂಸತ್ತು ೧೯೯೩ರಲ್ಲಿ ಮಾಡಿದ ನಿಷೇಧದ ಕಾಯಿದೆಯನ್ನು ಮೊದಲು ಬೇಡಿ ಪಡೆದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಅದು ೧೯೯೭ರ ಗಣರಾಜ್ಯೋತ್ಸವದ ದಿನದಿಂದ ಜಾರಿಗೆ ಬಂದಿತ್ತು. ಇಷ್ಟೆಲ್ಲ ಆದ ಮೇಲೆ, ಹದಿಮೂರು ವರ್ಷ ಕಳೆದು, ಸವಣೂರಿನ ಕಚೇರಿಯ ಎದುರಿಗೆ ಆ ಬಕೀಟು ಬಂದುದು. ಕಾಯಿದೆ ಕಸುಬನ್ನು ಇಲ್ಲವೆಂದು ಸಾರಿತು. ಕಸುಬು ಇಲ್ಲವಾದ ಮೇಲೆ ಕಸುಬಿನವರೂ ಇಲ್ಲವೆಂದು ಕಡತಗಳು ಅರ್ಥ ಮಾಡಿಕೊಂಡವು. ಇಲ್ಲದವರ ಮನೆಗೆ ಜಾಗ ಯಾಕೆ ಬೇಕು?

ಪುರಸಭೆಯ ಪಕ್ಷದಲ್ಲಿ ಹೇಳುವ ಮಾತೂ ಇದೆ. ಪುರಸಭೆಯ ಜಾಗವೆಂದರೆ ಸಾರ್ವಜನಿಕರ ಜಾಗ. ಯಾರೋ ಕೆಲವರು ಬಂದು ನೆಲೆಸಿದರೆಂದು ಅದನ್ನು ಅವರಿಗೆ ಬಿಟ್ಟುಕೊಟ್ಟರೆ ನಾಳೆ ಪ್ರತಿಯೊಂದು ಓಣಿಯೂ ಅತಿಕ್ರಮಣವಾದೀತು ಎಂಬ ವಾದ ನಗರಾಡಳಿತದಷ್ಟೇ ಹಳೆಯದು. ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ಬದುಕುತ್ತಿದ್ದವರನ್ನು ೧೯೮೧ರಲ್ಲಿ ಎಬ್ಬಿಸಹೊರಟಾಗ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಓಲ್ಗಾ ಟೆಲಿಸ್ ಪ್ರಕರಣವೆಂದು ಹೆಸರಾದ ಆ ತೀರ್ಪು ಹೊರಬಿದ್ದುದು ೧೯೮೫ರ ಜುಲೈಯಲ್ಲಿ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ನ್ಯಾಯಾಲಯ ಸಾರಿತು; ಜೊತೆಗೆ, ಪಾದಚಾರಿ ಮಾರ್ಗದ ಮೇಲೆ ಮನೆ ಕಟ್ಟುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿತು. ಎಬ್ಬಿಸುವುದಾದರೆ ಮುಂಚಿತವಾಗಿ ತಿಳಿಸಬೇಕು, ಅವರ ಮಾತನ್ನು ಕೇಳಬೇಕು, ಮಳೆಗಾಲ ಮುಗಿಯುವ ವರೆಗೆ, ಅಂದರೆ ಆ ವರ್ಷದ ಅಕ್ಟೋಬರ್ ೩೧ರ ವರೆಗೆ, ಯಾರನ್ನೂ ಕದಲಿಸಬಾರದು ಎಂದು ಆಜ್ಞೆಯಾಯಿತು. ಸವಣೂರಿನವರು ತಮ್ಮ ಬಕೀಟುಗಳೊಡನೆ ಬಂದುದೂ ಜುಲೈಯಲ್ಲಿಯೇ. ಆಷಾಢದ ಮಳೆಯ ದಿನಗಳು.

'ಅತಿಕ್ರಮಣ' ಎಂಬ ಶಬ್ದವನ್ನು ಇಲ್ಲಿ ತುಸು ನಿಂತು ನೋಡಬಹುದು. ಕ್ರಮಣವೆಂದರೆ ಹೆಜ್ಜೆ ಇಡುವುದು. ಹಾಕಿದ ಗೆರೆಯನ್ನು ದಾಟಿ ಹೆಜ್ಜೆಯಿಟ್ಟವನು ಅತಿಕ್ರಮಣಕಾರ. ಆದರೆ ಗೆರೆಯನ್ನು ಹಾಕುವ ಮೊದಲೇ ಅಲ್ಲಿ ಇದ್ದವನನ್ನು ಏನೆಂದು ಕರೆಯಬೇಕು? ೨೦೧೦ರಿಂದ ಎಪ್ಪತ್ತು ವರ್ಷ ಹಿಂದಕ್ಕೆ ಎಣಿಸಿದರೆ ೧೯೪೦. ಸವಣೂರು ಆಗ ನವಾಬರ ಸಂಸ್ಥಾನ. ಅದು ಭಾರತದಲ್ಲಿ ಸೇರಿದುದು ೧೯೪೮ರಲ್ಲಿ. ಆ ಬಳಿಕ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ, ೧೯೯೭ರಲ್ಲಿ ಹಾವೇರಿ ಜಿಲ್ಲೆಗೆ ಬಂದಿತು. ಕರ್ನಾಟಕದ ಪುರಸಭೆಗಳು ಯಾವ ಕಾಯಿದೆಯಂತೆ ನಡೆಯುತ್ತವೆಯೋ ಅದು ೧೯೬೪ರದು. ಆಳುವವರು, ಜಿಲ್ಲೆ, ರಾಜ್ಯ, ಕಾಯಿದೆ ಎಲ್ಲವೂ ಬದಲಾದುವು. ಬಕೀಟು ಹೊತ್ತವರು ಮಾತ್ರ ಇದ್ದಲ್ಲಿಯೇ ಇದ್ದರು. ಊರಿನಲ್ಲಿ ಕದಲದೆ ಕೂತವರೇ ಗೆರೆ ದಾಟಿದವರೆನಿಸಿದುದು ಶಬ್ದಾರ್ಥಕ್ಕೂ ಹೊಂದುವುದಿಲ್ಲ.

ಸವಣೂರಿಗೆ ಹಳೆಯದರ ಬಗೆಗೆ ಅಕ್ಕರೆ ಇಲ್ಲವೆಂದಲ್ಲ. ಅಲ್ಲಿಯ ದೊಡ್ಡ ಹುಣಸೆ ಮಠದಲ್ಲಿ ಮೂರು ಭಾರಿ ಮರಗಳಿವೆ. ಹತ್ತಾರು ಜನ ಕೈಗೆ ಕೈ ಸೇರಿಸಿ ನಿಂತರೂ ತಬ್ಬಲಾರದಂಥ ಬೊಡ್ಡೆ. ಹುಣಸೆಯೆಂಬುದು ಬರಿಯ ಹೆಸರಿಗೆ. ಜಾತಿಯಿಂದ ಅವು ಬಾವೊಬಾಬ್ ಮರಗಳು, ಮೂಲನೆಲೆ ಆಫ್ರಿಕಾ. ಯಾವುದೋ ಕಾಲದಲ್ಲಿ ಯಾರೋ ಹೊರಗಿನವರು ತಂದುದು. ೨೦೨೩ರ ಜುಲೈಯ ಮಳೆಗೆ ಆ ಮೂರರಲ್ಲಿ ಒಂದು ಉರುಳಿಬಿದ್ದಾಗ ಊರಿಗೆ ಊರೇ ಮರುಗಿತು. ತಜ್ಞರು ಬಂದರು, ಯಂತ್ರಗಳು ಬಂದವು, ಬಿದ್ದ ಮರವನ್ನು ಎತ್ತಿ ಮತ್ತೆ ನೆಟ್ಟರು. ಒಳ್ಳೆಯ ಕೆಲಸ. ಹೊರಗಿನಿಂದ ಬಂದ ಮರ ಬೇರುಬಿಟ್ಟು ಊರಿನದಾಗಲು ಯಾರೂ ಅದರ ಉತಾರವನ್ನು ಕೇಳಲಿಲ್ಲ.

ಕಟ್ಟಡಗಳ ವಿಷಯದಲ್ಲಿಯೂ ನಾವು ಹೃದಯವಿಲ್ಲದವರಲ್ಲ. ಮೈಸೂರನ್ನೇ ನೋಡಬಹುದು. ಅಲ್ಲಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ೨೦೧೨ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ೨೦೧೬ರ ಆಗಸ್ಟಿನಲ್ಲಿ ಬಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಒಂದು ಪಕ್ಷ, ದುರಸ್ತಿ ಮಾಡಿ ಉಳಿಸಬೇಕೆಂದು ಮತ್ತೊಂದು ಪಕ್ಷ. ಇಂಜಿನಿಯರರು ಬರೆದರು, ಇತಿಹಾಸಜ್ಞರು ಬರೆದರು, ಹೂವಾಡಿಗರೂ ಬಾಳೆಹಣ್ಣಿನ ವರ್ತಕರೂ ತಮ್ಮ ಮಳಿಗೆಗಳಿಗಾಗಿ ವಾದಿಸಿದರು. ವಿಷಯ ಹೈಕೋರ್ಟಿನ ವರೆಗೆ ನಡೆಯಿತು. ನಗರವನ್ನು ಕುರಿತ ಚರ್ಚೆಯೆಂದರೆ ಹೀಗಿರಬೇಕೆಂದು ಅದನ್ನು ಮೆಚ್ಚಿದವರು ಬಹಳ ಮಂದಿ, ಮೆಚ್ಚತಕ್ಕುದೂ ಹೌದು. ಆದರೆ ಒಂದು ಅಂಶವನ್ನು ಮರೆಯಬಾರದು. ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಂಡ ನೆನಪು ಓದುಬರಹ ಬಲ್ಲವರಿಗೆ ಇದೆ. ಅದರಿಂದಲೇ ಅದು ಲೇಖನವಾಯಿತು, ಅರ್ಜಿಯಾಯಿತು. ಭಂಗಿಗಳ ಓಣಿಗೆ ಹೋಗಿ ಒಂದು ಲೋಟ ನೀರು ಕುಡಿದ ನೆನಪು ಎಷ್ಟು ಮಂದಿ ಲೇಖಕರಿಗೆ ಇದ್ದೀತು? ಕಟ್ಟಡದ ಹಳೆತನ ಪರಂಪರೆ ಎನಿಸಿಕೊಳ್ಳುತ್ತದೆ. ಗುಡಿಸಲಿನ ಹಳೆತನ ದಾಖಲೆಯ ಕೊರತೆ ಎನಿಸಿಕೊಳ್ಳುತ್ತದೆ.

ಇದು ನಮ್ಮ ನಾಡಿನ ಮಾತಷ್ಟೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹೌಸ್‌ಮನ್ ಎಂಬ ಅಧಿಕಾರಿ ಪ್ಯಾರಿಸ್ಸಿನ ಇಕ್ಕಟ್ಟಾದ ಓಣಿಗಳನ್ನು ಒಡೆಸಿ ವಿಶಾಲವಾದ ಬೀದಿಗಳನ್ನು ತೆಗೆಸಿದನು. ಇಂದಿಗೂ ಪ್ರವಾಸಿಗರು ಆ ಬೀದಿಗಳನ್ನು ಕಂಡು ಬೆರಗಾಗುತ್ತಾರೆ. ಆ ಓಣಿಗಳಲ್ಲಿದ್ದ ಕೂಲಿಕಾರರು ಊರಂಚಿಗೆ ಹೋದರು. ಪ್ರತಿದಿನ ಬೆಳಗ್ಗೆ ಅದೇ ಬೀದಿಗಳನ್ನು ಗುಡಿಸಲು ಅಷ್ಟು ದೂರದಿಂದ ನಡೆದುಬರುವವರೂ ಅಂಥವರೇ ಆದರು.

ಸವಣೂರಿನ ಸುದ್ದಿ ರಾಜ್ಯವನ್ನೆಲ್ಲ ಬೆಚ್ಚಿಬೀಳಿಸಿತು. ಹಿಂದಿನ ದಿನದ ವರೆಗೆ ಕಡತದಲ್ಲಿ ಇಲ್ಲದಿದ್ದ ಕುಟುಂಬಗಳು ಬೆಂಗಳೂರಿನ ವರೆಗೆ ಮಾತಿನ ವಸ್ತುವಾದುವು. ಮೂರು ವರ್ಷಗಳ ಬಳಿಕ, ೨೦೧೩ರಲ್ಲಿ, ಸಂಸತ್ತು ಹಳೆಯ ಕಾಯಿದೆಗಿಂತ ಬಿಗಿಯಾದ ಹೊಸ ಕಾಯಿದೆಯನ್ನು ಮಾಡಿತು. ಅದರ ಹೆಸರಿನಲ್ಲಿಯೇ ಪುನರ್ವಸತಿ ಎಂಬ ಮಾತು ಸೇರಿತು. ೨೦೧೪ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು, ೧೯೯೩ರಿಂದೀಚೆಗೆ ಒಳಚರಂಡಿಯಲ್ಲಿ ಇಳಿದು ಸತ್ತ ಪ್ರತಿಯೊಬ್ಬನ ಕುಟುಂಬಕ್ಕೂ ಹತ್ತು ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಆಜ್ಞಾಪಿಸಿತು. ೨೦೨೩ರಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸತ್ತವರ ಲೆಕ್ಕ ಹೀಗೆ ನ್ಯಾಯಾಲಯದಲ್ಲಿ ಸಾಗಿತು.

ಬದುಕಿರುವವರ ಲೆಕ್ಕವೂ ೨೦೨೨ರಲ್ಲಿ ಕೊಂಚ ಮುಂದುವರಿಯಿತು. ಆ ವರ್ಷದ ಜುಲೈಯಲ್ಲಿ ಕರ್ನಾಟಕದ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಮೂರು ನಾಲ್ಕು ದಿನಗಳಲ್ಲಿಯೇ ನಗರಗಳ ಮೂಲೆಮೂಲೆಗಳಲ್ಲಿ ಕಸ ಗುಡ್ಡೆಯಾಯಿತು, ಸರಕಾರ ಮಾತುಕತೆಗೆ ಬಂದಿತು. ಸೆಪ್ಟೆಂಬರಿನಲ್ಲಿ ೧೧,೧೩೩ ಪೌರಕಾರ್ಮಿಕರ ಸೇವೆಯನ್ನು ಖಾಯಂ ಮಾಡಲು ಸಂಪುಟ ಒಪ್ಪಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಬಸವರಾಜ ಬೊಮ್ಮಾಯಿಯವರು. ಅವರು ಪ್ರತಿನಿಧಿಸುತ್ತಿದ್ದ ಕ್ಷೇತ್ರ ಶಿಗ್ಗಾಂವ. ಸವಣೂರು ಆ ಕ್ಷೇತ್ರಕ್ಕೆ ಸೇರಿದ ಊರು. ಈ ಕಾಕತಾಳೀಯವನ್ನು ಆ ದಿನಗಳಲ್ಲಿ ಗಮನಿಸಿದವರು ಹೆಚ್ಚಿದ್ದಂತೆ ಕಾಣುವುದಿಲ್ಲ.

ಖಾಯಂ ಎಂಬ ಈ ಶಬ್ದಕ್ಕೂ ಜಾಗಕ್ಕೂ ಹತ್ತಿರದ ನಂಟಿದೆ. ಪೌರಕಾರ್ಮಿಕರಿಗೆ ಮನೆ ಕಟ್ಟಿಕೊಡುವ 'ಗೃಹಭಾಗ್ಯ' ಎಂಬ ಯೋಜನೆಯನ್ನು ರಾಜ್ಯ ಸರಕಾರ ರೂಪಿಸಿದುದು ಖಾಯಂ ನೌಕರರಿಗಾಗಿ. ಗುತ್ತಿಗೆಯವನಾಗಿ ಇಪ್ಪತ್ತು ವರ್ಷ ಗುಡಿಸಿದವನಿಗೆ ಅದು ಸಲ್ಲದು. ೨೦೨೨ರಲ್ಲಿ ಮೊದಲು ಆ ಪಟ್ಟಿಗೆ ಸೇರಿದವರು ಬೀದಿ ಗುಡಿಸುವವರು. ಕಸದ ಗಾಡಿಯ ಚಾಲಕರು, ಕಸ ತುಂಬುವವರು, ಒಳಚರಂಡಿಯ ಕೆಲಸದವರು ತಮ್ಮನ್ನೂ ಅದೇ ಸಾಲಿನಲ್ಲಿ ಎಣಿಸಿರೆಂದು ಆಮೇಲೆ ಬೇರೆಯಾಗಿ ಬೇಡಬೇಕಾಯಿತು. ಬೀದಿಯ ಮೇಲಿನ ಕಸ ತೆಗೆದವನಿಗೆ ಆದೇಶದ ಕಾಗದ ಮೊದಲು ಬಂದಿತು, ಗುಂಡಿಯ ಬಳಿಗೆ ಹೋಗುವವನು ಬಾಗಿಲಲ್ಲಿ ಕಾದನು.