ರಸೀದಿಯಲ್ಲೊಂದು ಸಾಲು

ಈ ವರ್ಷ ಮನೆ ಕಂದಾಯ ಕಟ್ಟಿ ಬಂದವನು ರಸೀದಿಯನ್ನು ಮೊದಲ ಸಲ ಪೂರ್ತಿ ಓದಿದೆ. ಆಸ್ತಿ ತೆರಿಗೆ 3,000 ರೂಪಾಯಿ. ಅದರ ಕೆಳಗೆ ಆರೋಗ್ಯ ಕರ 450, ಗ್ರಂಥಾಲಯ ಕರ 180, ಭಿಕ್ಷುಕರ ಕರ 90. ಅಂದರೆ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯಕ್ಕೆ. ರಾಜ್ಯಕ್ಕಿನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ, 1965ರಲ್ಲಿ, ಆದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಫಲ ಇದು. ಇಷ್ಟು ವರ್ಷ ನಾನು ಬಡಾವಣೆಯ ಗ್ರಂಥಾಲಯಕ್ಕೆ ಹೋಗುತ್ತಿದ್ದುದು ಯಾರದೋ ಧರ್ಮಛತ್ರಕ್ಕೆ ಹೋದ ಹಾಗೆ, ತುಸು ಮುದುಡಿಕೊಂಡೇ. ಬಾಡಿಗೆ ಕಟ್ಟಿದ ಜಾಗ ಅದು ಎಂದು ಹೊಳೆದದ್ದು ಈಗ.

ದುಡ್ಡು ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ಆದರೆ ಯಾವ ಲೆಕ್ಕ ಕೇಳಬೇಕು? ಗ್ರಂಥಾಲಯದ ಉಪಯೋಗವನ್ನು ನಾವು ಅಳೆಯುವುದು ಎಷ್ಟು ಪುಸ್ತಕ ಇವೆ, ಎಷ್ಟು ಎರವಲು ಹೋದವು ಎಂಬುದರಿಂದ. ಆ ಲೆಕ್ಕ ಹಿಡಿದು ನಮ್ಮ ಶಾಖಾ ಗ್ರಂಥಾಲಯವನ್ನು ನೋಡಿದರೆ ಅದು ನಷ್ಟದ ಅಂಗಡಿ. ದಿನಕ್ಕೆ ಹತ್ತು ಪುಸ್ತಕ ಹೊರಗೆ ಹೋದರೆ ಹೆಚ್ಚು. ಆದರೂ ಸಂಜೆ ಐದಕ್ಕೆ ಹೋದರೆ ಅಲ್ಲಿ ಕೂರಲು ಕುರ್ಚಿ ಸಿಗುವುದಿಲ್ಲ.

ಆ ಕುರ್ಚಿಗಳಲ್ಲಿ ಯಾರಿದ್ದಾರೆ? ಕಿಟಕಿ ಪಕ್ಕದ ಉದ್ದನೆಯ ಮೇಜು ಪಿಂಚಣಿದಾರರದು. ಪತ್ರಿಕೆಯ ಹಾಳೆಗಳು ಅವರ ನಡುವೆ ಕೈಯಿಂದ ಕೈಗೆ ಹೋಗುತ್ತವೆ. ಚುರುಮುರಿ ಸುದ್ದಿಯವರು ಒಬ್ಬರು, ಸಂಪಾದಕೀಯದವರು ಒಬ್ಬರು, ನಿಧನ ವಾರ್ತೆಯಿಂದಲೇ ಶುರು ಮಾಡುವವರು ಮೂವರು. ಉಳಿದದ್ದೆಲ್ಲ ಹುಡುಗ ಹುಡುಗಿಯರು. ಎಫ್‌ಡಿಎ, ಎಸ್‌ಡಿಎ, ಪಿಡಿಓ, ಪೊಲೀಸ್ ಪರೀಕ್ಷೆ ಎಂದು ವರ್ಷಗಟ್ಟಲೆ ತಯಾರಿಯಲ್ಲಿರುವವರು. ಗೈಡು, ನೋಟ್ಸು, ನೀರಿನ ಬಾಟಲಿ ಎಲ್ಲ ಅವರೇ ತರುತ್ತಾರೆ. ಕಪಾಟಿನತ್ತ ತಿರುಗಿಯೂ ನೋಡುವುದಿಲ್ಲ. ಇದನ್ನು ಕಂಡು ‘ಗ್ರಂಥಾಲಯ ಹೋಗಿ ಟ್ಯೂಷನ್ ಕ್ಲಾಸಾಯಿತು’ ಎಂದು ಸಾಹಿತ್ಯದ ಗೆಳೆಯರು ನಿಟ್ಟುಸಿರು ಬಿಡುತ್ತಾರೆ. ನಾನೂ ಬಿಟ್ಟಿದ್ದೇನೆ.

ಈಗ ಹಾಗನ್ನಿಸುವುದಿಲ್ಲ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದು ಸುತ್ತು ಹಾಕಿ ಬನ್ನಿ. ಒಂದು ಮೇಜು, ಒಂದು ದೀಪ, ಫ್ಯಾನಿನ ಗಾಳಿ, ಇಷ್ಟನ್ನೇ ತಿಂಗಳ ಲೆಕ್ಕದಲ್ಲಿ ಮಾರುವ ಖಾಸಗಿ ‘ರೀಡಿಂಗ್ ರೂಮ್’ಗಳ ಬೋರ್ಡು ಬೀದಿಬೀದಿಯಲ್ಲಿವೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಟಿವಿ, ಕೂಸು, ಅಡುಗೆಯ ಸದ್ದಿನ ನಡುವೆ ಓದುವವನಿಗೆ ಪುಸ್ತಕಕ್ಕಿಂತ ದುಬಾರಿಯಾದದ್ದು ನಿಶ್ಶಬ್ದ. ಗೈಡನ್ನು ಸ್ನೇಹಿತನಿಂದ ಜೆರಾಕ್ಸ್ ಮಾಡಿಸಿಕೊಳ್ಳಬಹುದು. ನಿಶ್ಶಬ್ದವನ್ನು ಎಲ್ಲಿಂದ ತರುವುದು? ಅದನ್ನು ಪುಕ್ಕಟೆ ಕೊಡುವ ಜಾಗ ಊರಿನಲ್ಲಿ ಈ ಗ್ರಂಥಾಲಯವೊಂದೇ. ಹೋಟೆಲಿನಲ್ಲಿ ಕೂತರೆ ಕಾಫಿ ತೆಗೆದುಕೊಳ್ಳಬೇಕು, ಪಾರ್ಕಿನಲ್ಲಿ ಮಳೆ. ಇಲ್ಲಿ ‘ಯಾಕೆ ಬಂದಿರಿ’ ಎಂದು ಕೇಳುವವರಿಲ್ಲ.

ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. ಕೊನೆಗಾಲಕ್ಕೆ ಬೆಂಗಳೂರಿಗೇ ಬಂದು ನೆಲೆಸಿ ಇಲ್ಲೇ 1972ರಲ್ಲಿ ತೀರಿಕೊಂಡವರು. ಅವರ ಮೊದಲ ಸೂತ್ರ, ಪುಸ್ತಕ ಇರುವುದು ಬಳಕೆಗೆ ಎಂಬುದು, ಎಲ್ಲರ ಬಾಯಲ್ಲೂ ಇದೆ. ಅದನ್ನು ವಿವರಿಸುವಾಗ ಅವರು ಚರ್ಚಿಸುವುದು ಮಾತ್ರ ಊರಿನಲ್ಲಿ ಕಟ್ಟಡ ಎಲ್ಲಿರಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು, ಸಿಬ್ಬಂದಿ ಎಂಥವರಿರಬೇಕು ಎಂಬುದನ್ನು. ಗಣಿತದ ಮೇಷ್ಟ್ರಾಗಿದ್ದವರಲ್ಲವೇ, ಪುಸ್ತಕಪ್ರೇಮದ ಭಾಷಣ ಬಿಟ್ಟು ನೇರ ಬಾಗಿಲ ಚಿಲಕಕ್ಕೆ ಕೈ ಹಾಕಿದರು.

ನಾನಾದರೆ ಆ ಪಟ್ಟಿಗೆ ಶೌಚಾಲಯವನ್ನು ಸೇರಿಸುತ್ತೇನೆ. ನಮ್ಮಲ್ಲಿರುವುದಕ್ಕೆ ಎರಡು ವರ್ಷದಿಂದ ಬೀಗ. ಗಂಡಸರು ಹೇಗೋ ಸಂಭಾಳಿಸುತ್ತಾರೆ. ಹುಡುಗಿಯರು ಎರಡು ತಾಸಿಗಿಂತ ಹೆಚ್ಚು ಕೂರುವುದಿಲ್ಲ, ತಂದ ನೀರನ್ನೂ ಕುಡಿಯುವುದಿಲ್ಲ. ‘ಹೆಂಗಸರು ಬರೋದೇ ಕಡಿಮೆ’ ಎಂದು ವರದಿ ಬರೆಯುವವರು ಆ ಬೀಗವನ್ನು ಒಮ್ಮೆ ನೋಡಬೇಕು. ಎಲ್ಲರಿಗೂ ಪ್ರವೇಶ ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ಎಲ್ಲರೂ ಬಂದಂತಾಗುವುದಿಲ್ಲ.

ಹಳ್ಳಿಯ ಕಡೆ ಸ್ಥಿತಿ ತುಸು ಬೇರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗಲೇ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳ ಹೆಸರು ಅರಿವು ಕೇಂದ್ರ. ಕೆಲವು ಕಡೆ ಗೋಡೆಗೆ ಚಿತ್ರ, ಚೆಸ್ ಬೋರ್ಡು, ಕಂಪ್ಯೂಟರು ಬಂದಿವೆ. ಕೆಲವು ಕಡೆ ಬೋರ್ಡು ಮಾತ್ರ ಬದಲಾಗಿದೆ. ಹಣಕ್ಕಿಂತ ಮೇಲ್ವಿಚಾರಕರು ಎಂಥವರು ಎಂಬುದರ ಮೇಲೆ ನಿಂತ ವ್ಯತ್ಯಾಸ ಇದು ಎಂದು ನನ್ನ ಅನಿಸಿಕೆ.

ಹಾಗೆಂದು ಎಲ್ಲವನ್ನೂ ಒಬ್ಬ ವ್ಯಕ್ತಿಯ ಹೆಗಲಿಗೆ ಹಾಕುವುದೂ ತಪ್ಪು. ಮೈಸೂರಿನ ರಾಜೀವ್‌ನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು ತಮ್ಮ ದುಡಿಮೆಯಿಂದ ಕಟ್ಟಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಸುಟ್ಟುಹೋಯಿತು. ಸುಮಾರು 11,000 ಪುಸ್ತಕಗಳು ಬೂದಿಯಾದವು. ನಾನಾ ಕಡೆಯಿಂದ ಹಣ ಹರಿದುಬಂತು. ನಮ್ಮ ಜನರ ಬಗ್ಗೆ ಹೆಮ್ಮೆಪಡಬೇಕಾದ ಮಾತೇ. ಆದರೆ ತಾನೇ ಶಾಲೆ ಕಾಣದ ಒಬ್ಬ ಬಡವ ಇಷ್ಟು ಮಾಡಬೇಕಾಗಿ ಬಂದಾಗ, ನಾವೆಲ್ಲ ಕಟ್ಟಿದ 6 ಪೈಸೆ ಆ ಬೀದಿಗೆ ಯಾಕೆ ತಲುಪಿರಲಿಲ್ಲ ಎಂದು ಯಾರೂ ಕೇಳಲಿಲ್ಲ. ಕರ ವಸೂಲು ಮಾಡುವ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯದ ಖಾತೆಗೆ ಸಕಾಲಕ್ಕೆ ದಾಟಿಸುವುದಿಲ್ಲ ಎಂಬ ದೂರು ತೀರ ಹಳೆಯದು. ಬೆಂಕಿಯಷ್ಟು ಎದ್ದು ಕಾಣುವ ವಿಷಯವಲ್ಲವಲ್ಲ.

ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡೇ ಮೊನ್ನೆ ನಮ್ಮ ಗ್ರಂಥಾಲಯಕ್ಕೆ ಹೋಗಿದ್ದೆ. ಹನ್ನೊಂದೂವರೆ. ಹುಡುಗರೆಲ್ಲ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬರುತ್ತಿದ್ದರು. ಮತ್ತೆ ಬಾಗಿಲು ತೆಗೆಯುವುದು ನಾಲ್ಕಕ್ಕೆ. ಮಧ್ಯಾಹ್ನವೂ ತೆರೆದಿಡಬಾರದೇ ಎಂದು ಗ್ರಂಥಪಾಲಕರನ್ನು ಕೇಳಿದೆ, ಸ್ವಲ್ಪ ಗಡುಸಾಗಿಯೇ.

“ಕಸ ಗುಡಿಸೋನೂ ನಾನೇ, ಪುಸ್ತಕ ಕೊಡೋನೂ ನಾನೇ, ಊಟಕ್ಕೆ ಹೋಗ್ಬೇಕಾದೋನೂ ನಾನೇ ಸಾರ್” ಎಂದರು ಅವರು, ಬೀಗ ಎಳೆದು ನೋಡುತ್ತ. “ಇನ್ನೊಬ್ಬರನ್ನ ಕೊಡಿಸಿ. ರಾತ್ರಿ ಹತ್ತರವರೆಗೂ ತೆಗೆದಿಡ್ತೀನಿ.”

ರಸೀದಿಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಅದನ್ನು ತೋರಿಸಬೇಕಾದದ್ದು ಬೇರೆ ಕಚೇರಿಯಲ್ಲಿ.