ತಪ್ಪು ಬೆರಳಿನದಲ್ಲ

ಮಕ್ಕಳೇ, ಹೋದ ವಾರ ಎಟಿಎಂನಲ್ಲಿ ಗುಂಡಿಗಳನ್ನು ನೋಡದೆಯೇ ಪಿನ್ ಒತ್ತಿದೆ. ಎರಡು ಸಲವೂ ತಪ್ಪು. "ತಾತ, ಮರೆತುಬಿಟ್ರಾ?" ಎಂದ ಮೊಮ್ಮಗ. ಮರೆತಿರಲಿಲ್ಲ. 7 ಎಂದುಕೊಂಡು 1 ಒತ್ತಿದ್ದೆ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಕ್ಯಾಲ್ಕುಲೇಟರ್ ಒತ್ತಿದ ಬೆರಳುಗಳಿವು. ಅದರಲ್ಲಿ 7, 8, 9 ಮೇಲಿನ ಸಾಲು. ಎಟಿಎಂ ಮತ್ತು ಫೋನಿನಲ್ಲಿ 1, 2, 3 ಮೇಲೆ. ಬೇಕಾದರೆ ಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಫೋನಿನ ಗುಂಡಿಗಳು ಹಾಗೆ ಕುಳಿತದ್ದರ ಹಿಂದೆ ಒಂದು ಕಥೆಯಿದೆ. ಅಮೆರಿಕದಲ್ಲಿ ಟೆಲಿಫೋನ್ ಸಂಶೋಧನೆ ನಡೆಸುತ್ತಿದ್ದ ಬೆಲ್ ಲ್ಯಾಬ್ಸ್ ಸಂಸ್ಥೆಗೆ 1945ರಲ್ಲಿ ಜಾನ್ ಕಾರ್ಲಿನ್ ಎಂಬ ಮನಶ್ಶಾಸ್ತ್ರಜ್ಞರು ಸೇರಿದರು. ಯಂತ್ರ ನೋಡಿಕೊಳ್ಳಲು ಎಂಜಿನಿಯರುಗಳಿದ್ದರು. ಇವರು ನೋಡುತ್ತಿದ್ದದ್ದು ಮನುಷ್ಯರನ್ನು. ಗುಂಡಿ ಒತ್ತುವ ಫೋನ್ ತಯಾರಿಸುವಾಗ ಅಲ್ಲಿನವರು ಅಂಕಿಗಳನ್ನು ಹಲವು ಬಗೆಯಲ್ಲಿ ಜೋಡಿಸಿ ಜನರ ಕೈಗೆ ಕೊಟ್ಟರು. ಎಷ್ಟು ಬೇಗ ಒತ್ತುತ್ತಾರೆ, ಎಷ್ಟು ಸಲ ತಪ್ಪುತ್ತಾರೆ ಎಂದು ಲೆಕ್ಕ ಇಟ್ಟರು. ಕೊನೆಗೆ 1963ರಲ್ಲಿ ಮಾರಾಟಕ್ಕೆ ಬಂದ ಫೋನಿನಲ್ಲಿ 1, 2, 3 ಮೇಲೆ ಕುಳಿತವು.

ಫೋನಿನ ತಂತಿಯ ಉದ್ದ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆಯೂ ಒಮ್ಮೆ ಬಂತು. ಕೇಳಿದ್ದರೆ ಯಾರು ತಾನೇ ಒಪ್ಪುತ್ತಿದ್ದರು? ಕಾರ್ಲಿನ್ ಕೇಳಲೇ ಇಲ್ಲ. ಸಹೋದ್ಯೋಗಿಗಳ ಕೋಣೆಗೆ ಗುಟ್ಟಾಗಿ ಆಳು ಕಳಿಸಿ, ಮೂರಡಿಯ ತಂತಿಯನ್ನು ಆಗಾಗ ಒಂದೊಂದೇ ಇಂಚು ಗಿಡ್ಡ ಮಾಡಿಸಿದರು. ಒಂದಡಿ ಹೋಗುವ ತನಕ ಯಾರಿಗೂ ಗೊತ್ತಾಗಲಿಲ್ಲ!

ಬೆರಳು ತೂರಿಸಿ ತಿರುಗಿಸುವ ಹಳೇ ಫೋನು ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. ಅದರ ಅಂಕಿಗಳನ್ನು ತೂತುಗಳಿಂದ ಹೊರಗೆ ಸರಿಸಿದಾಗ ಜನ ನಂಬರ್ ತಿರುಗಿಸುವುದು ನಿಧಾನವಾಯಿತು. ಬೆರಳಿಗೆ ಗುರಿಯೇ ಇರಲಿಲ್ಲ. ಪ್ರತಿ ತೂತಿನ ನಡುವೆ ಒಂದು ಚುಕ್ಕಿ ಇಟ್ಟರು. ಹಳೆಯ ವೇಗ ಮರಳಿತು.

ಈ ಕಥೆ ಕೇಳಿದ ಮೇಲೆ ಮೊಮ್ಮಗ ಮೂರು ದಿನ ಅಜ್ಜಿಯ ಪಕ್ಕ ಸುಮ್ಮನೆ ಕೂತ. ಟಿವಿ ರಿಮೋಟಿನಲ್ಲಿ ಆಕೆ ದಿನವೂ ಬೇರೆ ಗುಂಡಿ ಒತ್ತಿ, "ನನಗೆಲ್ಲಿ ಬರುತ್ತೆ ಇದೆಲ್ಲ, ವಯಸ್ಸಾಯ್ತು" ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹುಡುಗ ಆಕೆಯ ಬೆರಳು ಎಲ್ಲಿ ತಡವರಿಸುತ್ತದೆಂದು ನೋಡಿದ. ನಾಲ್ಕನೇ ದಿನ ಆನ್ ಮಾಡುವ ಗುಂಡಿಯ ಮೇಲೆ ಅಜ್ಜಿಯದೇ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿದ.

ಈಗ ಆಕೆಯ ಧಾರಾವಾಹಿ ತಪ್ಪುವುದಿಲ್ಲ. ವಯಸ್ಸಿನ ಮಾತೂ ನಿಂತಿದೆ.

ನಿಮ್ಮ ಮನೆಯ ಹಿರಿಯರ ಬೆರಳು ಎಲ್ಲಿ ತಡವರಿಸುತ್ತದೆ? ಕಲಿಸಲು ಹೋಗುವ ಮೊದಲು ಮೂರು ದಿನ ನೋಡಿ, ನನಗೆ ಬರೆಯಿರಿ.