ಒಂದೇ ಪಾತ್ರೆಯ ಪಥ್ಯ

ಮನೆಯಲ್ಲಿ ಒಬ್ಬರಿಗೆ ಶುಗರ್ ಇದೆ, ಇಲ್ಲವೇ ಬಿಪಿ ಏರಿದೆ ಎಂದು ಗೊತ್ತಾದ ಮೇಲೆ ಮೊದಲು ಬರುವ ಮಾತು ಪಥ್ಯದ್ದು, ಅದರ ಬೆನ್ನಿಗೇ ಬರುವುದು ಖರ್ಚಿನ ಮಾತು. ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ ಹೆದ್ದಾರಿಯ ಎರಡೂ ಬದಿ ಹಬ್ಬಿಕೊಂಡಿರುವ ಮಂಕಿಯಂಥ ಊರಲ್ಲಿ ಸಂಸಾರ ನಡೆಯುವ ದಾರಿಗಳು ಹಲವು: ಮೀನು, ಗದ್ದೆ, ತೆಂಗು, ಕೂಲಿ, ಸಣ್ಣ ಅಂಗಡಿ, ಕೊಲ್ಲಿ ದೇಶದಲ್ಲಿ ದುಡಿಯುವ ಮಗನೋ ತಮ್ಮನೋ ಕಳಿಸುವ ಹಣ. ದಾರಿ ಯಾವುದಾದರೂ ತಿಂಗಳ ಕೊನೆಯಲ್ಲಿ ಬಹುಪಾಲು ಮನೆಗಳು ಕೈ ಬಿಗಿಹಿಡಿಯುತ್ತವೆ, ಹಾಗಾಗಿ ಪಥ್ಯವೆಂದರೆ ಉಳ್ಳವರ ಬಾಬತ್ತು ಎಂಬ ತೀರ್ಮಾನ ಸುಲಭವಾಗಿ ಹುಟ್ಟುತ್ತದೆ. ಆ ತೀರ್ಮಾನವನ್ನು ಒಪ್ಪಲು ನನಗೆ ಮನಸ್ಸಿಲ್ಲ, ಆದರೆ ಪಥ್ಯಕ್ಕೆ ಬೇಕಾದದ್ದು ಬರೀ ಮನಸ್ಸಿನ ಗಟ್ಟಿತನ ಎನ್ನುವ ಬುದ್ಧಿಮಾತನ್ನೂ ಒಪ್ಪಲಾರೆ. ಪಥ್ಯ ಎಷ್ಟು ತುಟ್ಟಿ ಎಂಬುದನ್ನು ನಿರ್ಧರಿಸುವುದು ರೋಗಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ಚೀಟಿಗೂ ಊರಿನ ಅಡುಗೆಗೂ ಇರುವ ದೂರ. ಆ ದೂರವನ್ನು ರೋಗಿಯೊಬ್ಬರೇ ನಡೆಯಬೇಕಾದರೆ ಮನೆಯ ಲೆಕ್ಕ ತಪ್ಪುತ್ತದೆ. ಇಡೀ ಮನೆ ಒಂದಿಷ್ಟು, ಚೀಟಿ ಬರೆಯುವವರು ಒಂದಿಷ್ಟು, ಪಡಿತರ ಕೊಡುವ ಸರ್ಕಾರ ಒಂದಿಷ್ಟು ಸರಿದರೆ ಅದೇ ಪಥ್ಯ ಸಾಮಾನ್ಯ ಸಂಸಾರಕ್ಕೆ ಎಟುಕುತ್ತದೆ.

ದೂರ ಎಂದೆನಲ್ಲ, ಅದಕ್ಕೆ ನಿದರ್ಶನವಾಗಿ ಸೀಲಿಯಾಕ್ ಕಾಯಿಲೆಯನ್ನು ನೋಡಿ. ಗೋಧಿಯಲ್ಲಿರುವ ಗ್ಲುಟನ್ ಒಗ್ಗದವರಿಗೆ ಬರುವ ಈ ಕಾಯಿಲೆ ಪಂಜಾಬಿನ ಮನೆಯೊಂದರಲ್ಲಿ ಕಾಣಿಸಿಕೊಂಡರೆ ದಿನನಿತ್ಯದ ರೊಟ್ಟಿಯೇ ನಿಷಿದ್ಧವಾಗಿ, ಬೇರೆ ಹಿಟ್ಟು, ಬೇರೆ ತಿಂಡಿ, ಬೇರೆ ಖರ್ಚು ಎಲ್ಲವೂ ಶುರುವಾಗುತ್ತವೆ. ಮಂಕಿಯಲ್ಲಿ ಅದೇ ರೋಗಿಗೆ ಕುಚಲಕ್ಕಿ ಅನ್ನ, ಇಡ್ಲಿ, ದೋಸೆ, ಗಂಜಿ, ಮೀನು ಸಾರು ಎಲ್ಲವೂ ಪಥ್ಯವೇ, ಬೇಕರಿಯ ದಾರಿ ಬಿಟ್ಟರೆ ಸಾಕು. ಸಕ್ಕರೆ ಕಾಯಿಲೆಯಲ್ಲಿ ಇದು ತಿರುವುಮುರುವು. ಮೂರು ಹೊತ್ತೂ ಅಕ್ಕಿಯನ್ನೇ ನಂಬಿದ ಕರಾವಳಿಯ ಊಟದಿಂದ ಅನ್ನ ಕಡಿಮೆ ಮಾಡಿ ಎಂದರೆ ಊಟದ ನಡುಗಂಬವನ್ನೇ ಕಿತ್ತ ಹಾಗೆ. ಇಂಥ ಹೊತ್ತಿನಲ್ಲಿ ಕೈಗೆ ಬರುವ ಅಚ್ಚಾದ ಹಾಳೆಯಲ್ಲಿ ಚಪಾತಿ, ಓಟ್ಸ್, ಸೇಬು, ಪನೀರ್ ಇದ್ದರೆ, ಅದನ್ನು ಓದಿದ ಮನೆಯವರು ಇದು ನಮ್ಮ ಊಟವಲ್ಲ ಎಂದು ಬದಿಗಿಡುವುದು ಸಹಜ. ಬಡತನದ ಹೆಸರಿನಲ್ಲಿ ಅವರು ಬದಿಗಿಟ್ಟದ್ದು ಬೇರೆ ಊರಿನ ಅಡುಗೆಯನ್ನು.

ಅನ್ನದ ಬದಲು ಚಪಾತಿ ಎಂಬ ಸಲಹೆಗೆ ಈಗ ವಿಜ್ಞಾನದ ಬೆಂಬಲವೂ ಅಷ್ಟಾಗಿ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಮಧುಮೇಹ ಅಧ್ಯಯನದಿಂದ 2025ರಲ್ಲಿ ಹೊರಬಂದ ಆಹಾರ ವಿಶ್ಲೇಷಣೆಯ ಪ್ರಕಾರ ಭಾರತೀಯರು ತಮ್ಮ ಕ್ಯಾಲರಿಯಲ್ಲಿ ಸುಮಾರು ಶೇ. 62ರಷ್ಟನ್ನು ಪಿಷ್ಟ ಮತ್ತು ಸಕ್ಕರೆಯಿಂದಲೇ ಪಡೆಯುತ್ತಾರೆ. ಪಿಷ್ಟದ ಒಟ್ಟು ಪ್ರಮಾಣ ಇಳಿಸದೆ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದು ಕೂರಿಸಿದ್ದರಿಂದ ಮಧುಮೇಹದ ಅಪಾಯ ತಗ್ಗುವುದು ಅದರಲ್ಲಿ ಕಾಣಲಿಲ್ಲ. ದಿನದ ಒಟ್ಟು ಕ್ಯಾಲರಿಯಲ್ಲಿ ಶೇ. 5ರಷ್ಟನ್ನು ಪಿಷ್ಟದಿಂದ ಬಿಡಿಸಿ ಕಾಳು, ಹಾಲು ಮೊದಲಾದವುಗಳ ಪ್ರೋಟೀನಿಗೆ ಕೊಟ್ಟಲ್ಲಿ ಅಪಾಯ ಕಡಿಮೆಯಿತ್ತು. ಮಂಕಿಯ ಗೃಹಿಣಿಗೆ ಈ ಮಾತಿನಲ್ಲಿ ದೊಡ್ಡ ಸಮಾಧಾನವಿದೆ. ಅವಳು ಹೊಸದಾಗಿ ಗೋಧಿ ಹಿಟ್ಟು ಕೊಂಡು, ಒಬ್ಬರಿಗಾಗಿ ಬೇರೆ ಒಲೆ ಹಚ್ಚಿ ಲಟ್ಟಿಸುತ್ತ ಕೂರಬೇಕಿಲ್ಲ. ಅನ್ನ ಅನ್ನವಾಗಿಯೇ ಇರಲಿ. ಎರಡು ಸೌಟಿನ ಜಾಗದಲ್ಲಿ ಒಂದು ಸೌಟು ಬಡಿಸಿ, ತೆರವಾದ ಜಾಗವನ್ನು ಹೆಸರುಕಾಳು, ಹುರುಳಿ, ಅಲಸಂದೆ, ಬಸಳೆ, ಹರಿವೆ, ಇನ್ನೊಂದು ತಾರ್ಲೆ ಮೀನು ತುಂಬಿದರೆ ಸಂಶೋಧನೆ ಹೇಳುವುದಕ್ಕೆ ಹತ್ತಿರ ಬಂದಂತೆಯೇ. ಇದರಲ್ಲಿ ಒಂದಾದರೂ ಪರದೇಶದ ವಸ್ತುವಲ್ಲ.

ಕಾಳು, ತರಕಾರಿ, ಮೀನು ಬಿಟ್ಟಿ ಬರುತ್ತವೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಾರ್ವರ್ಡ್‌ನ ಸಂಶೋಧಕರು 2013ರಲ್ಲಿ 10 ದೇಶಗಳ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಆರೋಗ್ಯಕರ ಊಟಕ್ಕೆ ತಲೆಗೆ ದಿನವೊಂದಕ್ಕೆ ಸುಮಾರು ಒಂದೂವರೆ ಡಾಲರ್ ಹೆಚ್ಚು ತಗಲುತ್ತದೆ ಎಂದರು. ಆ ಲೆಕ್ಕ ಬಹುಮಟ್ಟಿಗೆ ಶ್ರೀಮಂತ ದೇಶಗಳ ಅಂಗಡಿ ಬೆಲೆಯದು. ನಮ್ಮಲ್ಲಿನ ಲೆಕ್ಕಕ್ಕೆ ಕೇಂದ್ರ ಸರ್ಕಾರದ 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆ ಹೆಚ್ಚು ಉಪಯುಕ್ತ. ಗ್ರಾಮೀಣ ಭಾರತದಲ್ಲಿ ಮನೆಖರ್ಚಿನ ನೂರು ರೂಪಾಯಿಯಲ್ಲಿ ಧಾನ್ಯಕ್ಕೆ ಹೋದದ್ದು ಐದು ರೂಪಾಯಿಗೂ ತುಸು ಕಡಿಮೆ, ಪಾನೀಯ ಮತ್ತು ಸಿದ್ಧ ತಿಂಡಿಗಳಿಗೆ ಹೋದದ್ದು ಒಂಬತ್ತೂವರೆ ರೂಪಾಯಿಗೂ ಹೆಚ್ಚು. ಅಕ್ಕಿ ಪಡಿತರದಲ್ಲಿ ಬರುವುದೂ ಇದಕ್ಕೆ ಒಂದು ಕಾರಣ ನಿಜ, ಆದರೂ ಹಣ ಯಾವ ಕಡೆ ಹರಿಯುತ್ತಿದೆ ಎಂಬುದು ಸ್ಪಷ್ಟ. ನಾಲ್ಕು ಜನರ ಮನೆಯೊಂದು ಸಂಜೆಯ ಚಾ ಜೊತೆಗೆ ದಿನಕ್ಕೆ ಮೂವತ್ತು ರೂಪಾಯಿಯ ಬಿಸ್ಕೆಟ್, ಟೋಸ್ಟ್, ಖಾರ ತರುತ್ತದೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಒಂಬೈನೂರಾಯಿತು. ಕಿಲೋಗೆ ನೂರಿಪ್ಪತ್ತೈದರ ಲೆಕ್ಕದಲ್ಲಿ ಅದು ಏಳು ಕಿಲೋ ಬೇಳೆಕಾಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳುವ ಅಳತೆ ತಲೆಗೆ ದಿನಕ್ಕೆ 85 ಗ್ರಾಂ ಕಾಳು, ಅಂದರೆ ನಾಲ್ವರಿಗೆ ತಿಂಗಳಿಗೆ ಹತ್ತು ಕಿಲೋ. ಪೊಟ್ಟಣದ ತಿಂಡಿಯೊಂದನ್ನೇ ಬಿಟ್ಟರೆ ಮೂರರಲ್ಲಿ ಎರಡು ಪಾಲು ಸಿಕ್ಕಿತು. ಮೀನು ತಿನ್ನುವ ಮನೆಯಲ್ಲಿ ಉಳಿದ ಪಾಲಿನ ಬಹುಭಾಗವನ್ನು ಬಂಗಡೆ, ತಾರ್ಲೆಯೇ ನೋಡಿಕೊಳ್ಳುತ್ತವೆ. ಪಥ್ಯಕ್ಕೆ ಹೊಸ ಹಣ ಹುಡುಕುವ ಮೊದಲು ಪಥ್ಯವೇ ಉಳಿಸಿಕೊಡುವ ಹಣವನ್ನು ಎಣಿಸಬೇಕು, ಮತ್ತು ಅದನ್ನು ಬೇರೆ ಬಾಬತ್ತಿಗೆ ಜಾರಗೊಡದೆ ಕಾಳಿಗೇ ಎತ್ತಿಡಬೇಕು. ಲೆಕ್ಕ ಪೂರ್ತಿ ಸರಿದೂಗುತ್ತದೆ ಎಂದು ನಾನು ಹೇಳುವುದಿಲ್ಲ. ತರಕಾರಿಗೆ, ಹಣ್ಣಿಗೆ, ಹಾಲಿಗೆ ಮಾರ್ಗಸೂಚಿ ಹೇಳುವ ಅಳತೆ ಕೂಲಿಯ ಮೇಲೆ ನಿಂತ ಮನೆಗೆ ಇನ್ನೂ ದೂರವೇ.

ಇಲ್ಲಿ ಸರ್ಕಾರದ ಪಾಲು ಬರುತ್ತದೆ. 2025ರ ಆರಂಭದಲ್ಲಿ ರಾಜ್ಯದ ಅನ್ನಭಾಗ್ಯ ಪಡಿತರದ ಹೆಚ್ಚುವರಿ ಪಾಲನ್ನು ನಗದಿನ ಬದಲು ಅಕ್ಕಿಯಾಗಿಯೇ ಕೊಡಲು ತೀರ್ಮಾನವಾದಾಗ ತಲೆಗೆ ಹತ್ತು ಕಿಲೋ ಆಯಿತು, ನಾಲ್ವರ ಮನೆಗೆ ನಲವತ್ತು. ಪೋಷಣಾ ಸಂಸ್ಥೆಯ ಅಳತೆಯಲ್ಲಿ, 2,000 ಕ್ಯಾಲರಿ ಸಾಕಾಗುವವರಿಗೆ ದಿನಕ್ಕೆ ಬೇಕಾದ ಧಾನ್ಯ 250 ಗ್ರಾಂ. ನಾಲ್ವರಿಗೆ ತಿಂಗಳಿಗೆ ಮೂವತ್ತು ಕಿಲೋ. ಹಸಿವಿನ ವಿರುದ್ಧ ಅನ್ನಭಾಗ್ಯ ಮಾಡಿದ ಕೆಲಸವನ್ನು ಕಡಿಮೆಯೆಣಿಸುವ ಯೋಚನೆ ನನ್ನದಲ್ಲ. ಉಚಿತವಾಗಿ ಸಿಗುವುದು ಅಕ್ಕಿ ಮಾತ್ರವಾಗಿ, ಕಾಳಿಗೆ ಪೂರ್ತಿ ಬೆಲೆ ತೆರಬೇಕಾದರೆ ಕಷ್ಟದಲ್ಲಿರುವ ಮನೆಯ ತಟ್ಟೆ ಯಾವ ಕಡೆ ವಾಲುತ್ತದೆ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ. ವೈದ್ಯರು ಅನ್ನ ಇಳಿಸಿ ಎಂದಾಗ ಮನೆಯ ಅರ್ಥಶಾಸ್ತ್ರ ಅನ್ನವನ್ನೇ ಬಡಿಸುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಹೆಸರು, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ಒಪ್ಪಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಕಾಳು ಪಡಿತರಕ್ಕೆ ಬರಬೇಕಾದದ್ದೇ. ಸಕ್ಕರೆ ಮತ್ತು ಉಪ್ಪಿನ ಜಾಗವನ್ನೂ ಕಾಳಿಗೇ ಬಿಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು.

ಇನ್ನು ಮನೆಯ ಪಾಲು: ರೋಗಿಗೆಂದು ಬೇರೆ ಬೇಯಿಸದೆ ಎಲ್ಲರಿಗೂ ಒಂದೇ ಪಾತ್ರೆಯ ಅಡುಗೆ ಇರಲಿ ಎಂಬುದು ನನ್ನ ಮಾತು. ಒಬ್ಬರ ಕಾಯಿಲೆಗೆ ಎಲ್ಲರನ್ನೂ ಪಥ್ಯಕ್ಕೆ ಕೂರಿಸುವುದು ಅನ್ಯಾಯ ಎಂಬ ಆಕ್ಷೇಪ ಗಟ್ಟಿಯಾದದ್ದು. ದೋಣಿಯಲ್ಲಿ ಬಲೆ ಎಳೆಯುವವರಿಗೆ, ಗದ್ದೆಯಲ್ಲಿ ಬಗ್ಗಿ ದುಡಿಯುವವರಿಗೆ, ಬೆಳೆಯುವ ಮಕ್ಕಳಿಗೆ ಹೊಟ್ಟೆತುಂಬ ಅನ್ನ ಬೇಕೇ ಬೇಕು. ಆದರೆ ಪಾತ್ರೆ ಒಂದೇ ಇರಲಿ ಎಂದರೆ ಎಲ್ಲರಿಗೂ ಒಂದೇ ಅಳತೆ ಎಂದಲ್ಲ. ಸಾರಿಗೆ ಉಪ್ಪು ಕಡಿಮೆ, ಪಲ್ಯ ಹೆಚ್ಚು, ಕಾಳು ದಿನವೂ, ಚಾದ ಸಕ್ಕರೆ ಅರ್ಧ: ಇಷ್ಟು ಎಲ್ಲರಿಗೂ ಸಮಾನ. ಅನ್ನದ ಸೌಟು ಮಾತ್ರ ಅವರವರ ದುಡಿಮೆಗೂ ಕಾಯಿಲೆಗೂ ತಕ್ಕಂತೆ. ಉಳಿದವರಿಗೆ ಇದರಿಂದ ನಷ್ಟವಂತೂ ಇಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿಯ ಅದೇ ಮಧುಮೇಹ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂಕಿಗಳಂತೆ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಧುಮೇಹಿಗಳಾದರೆ, ಮಧುಮೇಹದ ಹೊಸ್ತಿಲಲ್ಲಿ ನಿಂತವರು ಶೇ. 15.3, ರಕ್ತದೊತ್ತಡ ಇರುವವರು ಶೇ. 35.5. ಅಂದರೆ ಒಬ್ಬರಿಗೆಂದು ಬದಲಾದ ಅಡುಗೆ, ಇನ್ನೂ ಪರೀಕ್ಷೆಗೇ ಹೋಗದ ಇನ್ನೊಬ್ಬರನ್ನು ಕಾಯುತ್ತಿರುವ ಸಾಧ್ಯತೆ ಸಣ್ಣದಲ್ಲ.

ಉಪ್ಪಿನ ವಿಷಯಕ್ಕೆ ಬಂದರೆ ಕರಾವಳಿಯ ಕಷ್ಟವೇ ಬೇರೆ. ಸಕ್ಕರೆ, ಎಣ್ಣೆಗೆ ಬೆಲೆಯಾದರೂ ಒಂದು ಕಡಿವಾಣ, ಉಪ್ಪಿಗೆ ಅದೂ ಇಲ್ಲ. ಪಕ್ಕದ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ಸೀಮೆ ನಮ್ಮದು. ದಿನಕ್ಕೆ ತಲೆಗೆ 5 ಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಲ್ಲಿ ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ ಸಾಕು, ಅದೂ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೆಲ್ಲ ಸೇರಿ. ಆ ಮಿತಿ ಪೂರ್ತಿ ಮುರಿದುಬೀಳುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದುಡಿಮೆ ನಿಲ್ಲುತ್ತದೆ, ಹಸಿಮೀನಿನ ಬೆಲೆ ಏರುತ್ತದೆ, ಮಕ್ಕಳ ಪುಸ್ತಕ, ಸಮವಸ್ತ್ರ, ಕೊಡೆ ಎಲ್ಲ ಅದೇ ಜೂನ್‌ನಲ್ಲಿ ಬರುತ್ತವೆ. ಆಗ ಒಲೆಯ ಮೇಲಕ್ಕೆ ಬರುವುದು ಒಣಮೀನು, ಒಣಶೆಟ್ಲಿ, ಉಪ್ಪುನೀರಿನ ಮಾವಿನಕಾಯಿ, ಉಪ್ಪು ಹಾಕಿಟ್ಟ ಹಲಸಿನ ಸೊಳೆ, ಗಂಜಿಗೆ ಉಪ್ಪಿನಕಾಯಿ. ಬಿಪಿ ಇರುವವರಿಗೆ ವರ್ಷದ ಅತ್ಯಂತ ಅಪಾಯದ ಊಟ ಸಿಗುವುದು ಕೈಯಲ್ಲಿ ಹಣವಿಲ್ಲದ ಎರಡು ತಿಂಗಳಲ್ಲಿ. ವರ್ಷವಿಡೀ ಒಂದೇ ತೆರನಾಗಿ ಬರೆದ ಪಥ್ಯದ ಹಾಳೆಗೆ ಈ ಸಂಗತಿ ಗೊತ್ತೇ ಇರುವುದಿಲ್ಲ. ಪರಿಹಾರವೂ ಇಲ್ಲಿಯ ರೂಢಿಯೊಳಗೇ ಇದೆ. ಮಳೆಗಾಲದ ಸಾಮಾನನ್ನು ಏಪ್ರಿಲ್-ಮೇ ತಿಂಗಳಲ್ಲೇ ಕೂಡಿಡುವುದು ಕರಾವಳಿಯ ಹಳೆಯ ಜಾಣತನ. ಆ ದಾಸ್ತಾನಿನಲ್ಲಿ ಒಣಮೀನಿನ ಪಾಲು ತಗ್ಗಿಸಿ, ಗದ್ದೆಯ ಎರಡನೇ ಬೆಳೆಯಾಗಿ ಬರುವ ಹೆಸರು, ಉದ್ದು, ಶೇಂಗಾ, ಜೊತೆಗೆ ಒಂದಷ್ಟು ಹುರುಳಿ ಸೇರಿಸಿದರೆ ಖರ್ಚು ಹೆಚ್ಚು ಏರುವುದಿಲ್ಲ. ಒಣಮೀನು ಮಾಡುವ ದಿನ ಅದನ್ನು ಚೆನ್ನಾಗಿ ನೆನೆಸಿ, ನೀರು ಬದಲಿಸಿ ತೊಳೆದು, ಸಾರಿಗೆ ಬೇರೆ ಉಪ್ಪು ಹಾಕದೆ, ಮುರುಗಲು, ಉಪ್ಪಾಗೆ, ಜುಮ್ಮನಕಾಯಿ, ಬೆಳ್ಳುಳ್ಳಿಗಳಿಂದ ರುಚಿ ಕಟ್ಟಬಹುದು. ಉಪ್ಪಿನ ಕೊರತೆಯನ್ನು ಹುಳಿ ಬಹುಮಟ್ಟಿಗೆ ಮರೆಸುತ್ತದೆ. ಕಡಿಮೆ ಸೋಡಿಯಂ ಎಂದು ತುಟ್ಟಿ ಬೆಲೆಗೆ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ; ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಅಪಾಯ.

ಮಾತ್ರೆ ನುಂಗಿದರೆ ಸಾಲದೇ, ಊಟ ಯಾಕೆ ಕೆಡಿಸಿಕೊಳ್ಳಬೇಕು ಎನ್ನುವವರಿಗೆ ಉತ್ತರ ಚಿಕ್ಕದು. ಮಾತ್ರೆ ಬೇಕು, ವೈದ್ಯರು ಹೇಳದೆ ಬಿಡಲೂಬಾರದು. ಆದರೆ ಊಟ ಬದಲಾಗದಿದ್ದರೆ ಮಾತ್ರೆಯ ಸಂಖ್ಯೆ ಏರುತ್ತ ಹೋಗುವ ಸಂಭವ ಹೆಚ್ಚು, ಕೊನೆಗೆ ಹೃದಯವೋ ಕಾಲೋ ಕಣ್ಣೋ ತೊಂದರೆ ಕೊಟ್ಟಾಗ ಉತ್ತರ ಕನ್ನಡದವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ದಾರಿ ಹಿಡಿಯಬೇಕು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ಈ ಸಂಕಟದಿಂದಲೇ ಹುಟ್ಟಿದ್ದು. ಮಂಕಿಯಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಆಂಬುಲೆನ್ಸ್, ಜೊತೆಗಿರುವವರ ಊಟ-ವಸತಿ, ಕಳೆದ ಕೂಲಿ ಯಾವ ವಿಮೆಯ ಕಾರ್ಡಿನಲ್ಲೂ ಪೂರ್ತಿ ತುಂಬಿಬರುವುದಿಲ್ಲ.

ನನ್ನ ವಾದ ನಿಲ್ಲದ ಜಾಗವೂ ಒಂದಿದೆ. ಮೂತ್ರಪಿಂಡ ಸೋತವರಿಗೆ ಮೇಲೆ ಹೊಗಳಿದ ಅಗ್ಗದ ಪದಾರ್ಥಗಳೇ ತಿರುಗಿ ಬೀಳಬಹುದು: ಕಾಳು, ಸೊಪ್ಪು, ಬಾಳೆಹಣ್ಣು, ಎಳನೀರು ಎಲ್ಲದಕ್ಕೂ ಮಿತಿ, ಸೆಕೆಯ ಊರಿನಲ್ಲಿ ಕುಡಿಯುವ ನೀರಿಗೂ ಅಳತೆ. ಅಲ್ಲಿ ಪಾತ್ರೆ ಬೇರೆಯಾಗಲೇಬೇಕು, ಖರ್ಚು ಏರಲೇಬೇಕು. ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಿಂದ ಇದೆ, ಆದರೆ ಏನು ಬೇಯಿಸಬೇಕೆಂದು ಊರಿನ ಅಡುಗೆಯ ಭಾಷೆಯಲ್ಲಿ ಹೇಳಿಕೊಡುವ ಪಥ್ಯತಜ್ಞರು ತಾಲ್ಲೂಕು ಮಟ್ಟದಲ್ಲಿ ಅಷ್ಟೇ ಅಗತ್ಯ. ಅಂಥ ಮನೆಗೆ ನೆರವು ಬೇಕು. ಬುದ್ಧಿವಾದ ಆ ಒಲೆಯ ಖರ್ಚನ್ನು ತುಂಬಿಕೊಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ಪ್ರಶ್ನೆ, ರೋಗಿ ಯಾರು ಎಂಬುದು. ಮನೆಯ ಯಜಮಾನರಿಗೆ ಶುಗರ್ ಬಂದರೆ ಅಡುಗೆ ಬದಲಾಗುತ್ತದೆ, ಹಿರಿಯರಿಗೆ ಬಂದರೂ ಅಷ್ಟಿಷ್ಟು ಬದಲಾಗುತ್ತದೆ. ಅಡುಗೆ ಮಾಡುವವಳಿಗೇ ಬಂದರೆ ಏನೂ ಬದಲಾಗದಿರುವ ಸಂಭವವೇ ಹೆಚ್ಚು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳ ಪಾಲಿಗೆ ಮೀನಿನ ತುಂಡು, ಪಲ್ಯ, ಕಾಳು ಮುಗಿದು ಅನ್ನ ಮತ್ತು ಸಾರಿನ ತಳ ಉಳಿದಿರುತ್ತದೆ, ಶುಗರ್ ಇರುವವರು ಯಾವುದನ್ನು ಕಡಿಮೆ ತಿನ್ನಬೇಕೋ ಅದೇ. ತನ್ನೊಬ್ಬಳಿಗಾಗಿ ಬೇರೆ ಮಾಡಿಕೊಳ್ಳುವುದು ಅವಳಿಗೆ ದುಂದು ಎನ್ನಿಸುತ್ತದೆ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಮನೆಯೊಡತಿಯ ಖಾತೆಗೇ ಬರುತ್ತಿದ್ದರೂ ಅದು ಸಾಲದ ಕಂತಿಗೆ, ಮಕ್ಕಳ ಶುಲ್ಕಕ್ಕೆ ಹೋಗಿಬಿಡುವುದುಂಟು. ಒಂದೇ ಪಾತ್ರೆಯ ಪಥ್ಯಕ್ಕೆ ನಾನು ಇಷ್ಟು ಒತ್ತು ಕೊಡಲು ಮುಖ್ಯ ಕಾರಣ ಇದು: ಬೇರೆ ಅಡುಗೆ ಬೇಕಾದ ಪಥ್ಯ ಅವಳ ಮಟ್ಟಿಗೆ ಎಂದೂ ನಡೆಯದ ಪಥ್ಯ. ಮನೆಮನೆಗೆ ಹೋಗಿ ಶುಗರ್, ಬಿಪಿ ನೋಡುವ ಆರೋಗ್ಯ ಕಾರ್ಯಕರ್ತೆಯರು ಏನು ತಿನ್ನುತ್ತೀರಿ ಎಂದು ಕೇಳುವ ಜೊತೆಗೆ ಯಾರ ನಂತರ ತಿನ್ನುತ್ತೀರಿ ಎಂದೂ ಕೇಳಿ ಬರೆದುಕೊಳ್ಳಬೇಕು. ಕೊನೆಗೆ ಕೂರುವ ರೋಗಿಗೆ ಎರಡನೆಯ ಮಾತ್ರೆ ಬರೆಯುವ ಮೊದಲು ವೈದ್ಯರು ನೋಡಬೇಕಾದದ್ದು ಆ ಉತ್ತರವನ್ನು.